ಹದಿಮೂರು ದಿನ ಹಿಂದಿನ ಪಾಳಿ

ಅವರ ಬಲ ಮುಂಗೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಕೈ ಸುತ್ತ ಒಂದು ಕಪ್ಪು ಗೆರೆ ಇತ್ತು. ಹಚ್ಚೆಯಲ್ಲ. ಕಬ್ಬಿಣದ ದೊಡ್ಡ ಬಳೆಯೊಂದು ವರ್ಷಗಟ್ಟಲೆ ಅಲ್ಲೇ ಕೂತು, ನೀರು ಬೆವರು ಎರಡೂ ತಾಗಿ, ತುಕ್ಕು ಚರ್ಮಕ್ಕೆ ಹತ್ತಿದ್ದು. ಬಳೆಯಲ್ಲಿ ಒಂಬತ್ತು ಚಾವಿಗಳಿದ್ದವು. ಅವರು ನಡೆದು ಬಂದರೆ ಚಾವಿಗಳ ಸದ್ದು ದೂರದಿಂದಲೇ ಕೇಳುತ್ತಿತ್ತು ಎಂದು ಬರೆಯಲು ಹೊರಟಿದ್ದೆ. ಓದಲು ಚಂದ. ಆದರೆ ನಿಜವಲ್ಲ. ಅವರು ಎಡಗೈ ಹೆಬ್ಬೆರಳಿನಿಂದ ಆ ದಿನದ ಚಾವಿಯನ್ನು ಒತ್ತಿ ಹಿಡಿದುಕೊಂಡೇ ನಡೆಯುತ್ತಿದ್ದರು. ಸದ್ದೇ ಆಗುತ್ತಿರಲಿಲ್ಲ. ಕಚೇರಿಯ ಹೊಸ್ತಿಲ ಮೇಲೆ ಒದ್ದೆ ಹೆಜ್ಜೆ ಕಂಡಾಗಲೇ ನನಗೆ ಅವರು ಬಂದದ್ದು ಗೊತ್ತಾಗುತ್ತಿದ್ದದ್ದು.

ಐನಾಪುರದ ಆಚೆ ಕೃಷ್ಣೆಯ ದಂಡೆಗೆ ನಮ್ಮ ನೀರಿನ ಸಂಘದ ಪಂಪ್‌ಹೌಸ್ ಇದೆ. ಅಲ್ಲಿಂದ ಎತ್ತಿದ ನೀರು ಒಂದೇ ಪೈಪಿನಲ್ಲಿ ಬಂದು ಒಂಬತ್ತು ಹೊಲಗಳಿಗೆ ಒಡೆಯುತ್ತದೆ. ಒಂಬತ್ತು ಹೊಲ, ಒಂಬತ್ತು ವಾಲ್ವ್, ಪ್ರತಿ ವಾಲ್ವಿಗೂ ಒಂದು ಕೀಲಿ. ಬೆಳಿಗ್ಗೆ ಆರಕ್ಕೆ ಒಂದರ ಕೀಲಿ ತೆಗೆದರೆ ಮರುದಿನ ಆರಕ್ಕೆ ಅದನ್ನು ಹಾಕಿ ಮುಂದಿನದನ್ನು ತೆಗೆಯಬೇಕು. ಒಂಬತ್ತನೆಯದು ಮುಗಿದರೆ ಮತ್ತೆ ಒಂದು. ಕರೆಂಟ್ ಇರಲಿ, ಹೋಗಲಿ, ದಿನ ಕಳೆಯಿತೆಂದರೆ ಪಾಳಿ ಕಳೆಯಿತು. ನಿನ್ನೆ ನೀರು ಬರಲಿಲ್ಲ, ಇವತ್ತು ಕೊಡಿ ಎನ್ನುವಂತಿಲ್ಲ. ಈ ಪಾಳಿ ನಡೆಸುತ್ತಿದ್ದವರು ಆ ಬಳೆಯವರು. ಹೊಲದವರೆಲ್ಲ ಅವರನ್ನು ಪಾಳಿ ಕಾಕಾ ಎನ್ನುತ್ತಿದ್ದರು. ಒಂಬತ್ತು ಹೊಲಗಳಲ್ಲಿ ಒಂದೂ ಅವರದಲ್ಲ. ಅವರ ಮನೆತನಕ್ಕೆ ಹೊಲವೇ ಇರಲಿಲ್ಲ. ಅವರ ತಮ್ಮನೊಬ್ಬ ಆರನೇ ಪಾಳಿಯವರ ಕಬ್ಬಿನ ಹೊಲದಲ್ಲಿ ದುಡಿಯಲು ಹೋಗುತ್ತಿದ್ದ, ಮಗಳನ್ನು ಏಕಸಂಬಿಗೆ ಕೊಟ್ಟಿದ್ದರು.

ನಾನು ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಓದಿ ಮುಗಿಸಿದ ವರ್ಷ ಆ ಸಂಘದ ಕಚೇರಿಗೆ ಸೇರಿದೆ. ಅಧ್ಯಕ್ಷರು ನನ್ನ ದೊಡ್ಡಪ್ಪ. ಹೇಗೆ ಸೇರಿದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಾಕಾ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತು, ಚಹಾವನ್ನು ಬಸಿಗೆ ಹೊಯ್ದು ಕುಡಿಯುತ್ತಿದ್ದರು. ನಿಪ್ಪಾಣಿ ತಂಬಾಕು ಸುಣ್ಣದೊಂದಿಗೆ ತಿಕ್ಕಿ ಬಾಯಿಗೆ ಹಾಕಿಕೊಂಡ ಮೇಲೆ ಯಾರ ಪ್ರಶ್ನೆಗೂ ಉತ್ತರ ಇಲ್ಲ. ಇದು ಅವರ ಅನುಕೂಲವೂ ಆಗಿತ್ತು. ಪಾಳಿ ಬಿಟ್ಟು ನೀರು ಕೇಳಲು ಯಾರಾದರೂ ಬರುವುದು ಕಂಡರೆ ತಂಬಾಕಿನ ಚೀಲ ಹೊರಗೆ ಬರುತ್ತಿತ್ತು.

ಒಮ್ಮೆ ಮಾತ್ರ ಅದು ಸಾಗಲಿಲ್ಲ. ಕೇಳಿದವರು ದೊಡ್ಡಪ್ಪನೇ. ಬದನೆ ಮಡಿಗೆ ಅರ್ಧ ತಾಸು ನೀರು ಸಾಕು, ಯಾರಿಗೇನು ಗೊತ್ತಾಗುತ್ತದೆ ಎಂದರು. ಕಾಕಾ ಬಾಯೊಳಗಿನದನ್ನು ಹೊರಗೆ ಹೋಗಿ ಉಗುಳಿ ಬಂದರು.

“ಕೊಡತೇನ್ರಿ ಸಾಹೇಬ್ರ. ಈ ಅರ್ಧಾ ತಾಸು ಯಾರ ಪಾಳ್ಯಾಗಿಂದ ಕಡೀಲಿ, ಅದೊಂದ ಹೇಳ್ರಿ. ಅವರ ಮನಿಗೆ ಇಬ್ಬರೂ ಕೂಡಿ ಹೋಗಿ ಹೇಳಿ ಬರೂಣು.”

ದೊಡ್ಡಪ್ಪ ನಕ್ಕುಬಿಟ್ಟರು. ಆಮೇಲೆ ಬಹಳ ದಿನ ಅದೇ ಮಾತನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಎಷ್ಟು ಸಲ ಹೇಳಿದರೆಂದರೆ, ಅವರು ಅದನ್ನು ಮರೆತಿಲ್ಲ ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ಕಾಕಾ ಏನನ್ನೂ ಬರೆದಿಡುತ್ತಿರಲಿಲ್ಲ. ಕಳೆದ ತಿಂಗಳು ಇಂಥ ದಿನ ಯಾರ ಪಾಳಿ ಇತ್ತು ಎಂದು ಕೇಳಿದರೆ ಬಳೆಯನ್ನು ಕೈಯಿಂದ ಕಳಚಿ ಲೆಕ್ಕ ಹಾಕುತ್ತಿದ್ದರು. ಅದರ ರೀತಿ ವಿಚಿತ್ರವಾಗಿತ್ತು. ಹದಿಮೂರು ದಿನ ಹಿಂದಿನದು ಬೇಕೆಂದರೆ ನಾನಾದರೆ ಹದಿಮೂರು ಚಾವಿ ಹಿಂದಕ್ಕೆ ಸರಿಸುತ್ತಿದ್ದೆ. ಅವರು ಹಾಗೆ ಮಾಡುತ್ತಿರಲಿಲ್ಲ. ಮೊದಲು ಪೂರಾ ಸುತ್ತುಗಳಲ್ಲಿ ಹಿಂದೆ ಹೋಗುವುದು: ಒಂದು ಸುತ್ತಿಗೆ ಒಂಬತ್ತು ದಿನ, ಇನ್ನೂ ಹದಿಮೂರು ಮುಟ್ಟಲಿಲ್ಲ, ಎರಡು ಸುತ್ತಿಗೆ ಹದಿನೆಂಟು, ದಾಟಿತು. ಅಲ್ಲಿ ನಿಲ್ಲುವುದು. ಹದಿನೆಂಟು ದಿನ ಹಿಂದೆಯೂ ಇವತ್ತಿನ ಚಾವಿಯೇ. ಈಗ ಅಲ್ಲಿಂದ ಮುಂದಕ್ಕೆ ಐದು ಚಾವಿ. ಉತ್ತರ ಸಿಕ್ಕಿತು.

ಸುಮ್ಮನೆ ಹಿಂದಕ್ಕೆ ಎಣಿಸಬಹುದಲ್ಲ ಎಂದು ಕೇಳಿದ್ದೆ.

“ಹಿಂದಕ ಎಣಸಾಕ ಹ್ವಾದ್ರ ಮನಶ್ಯಾ ತಪ್ಪತಾನ ತಂಗಿ. ಬೇಕಾದಕಿಂತ ತುಸು ಹೆಚ್ಚ ಹಿಂದ ಹೋಗಬೇಕು. ಅಲ್ಲಿ ನಿಂತು, ನೀರು ಹೆಂಗ ಬರತೈತಿ ಹಂಗ ಮುಂದಕ ಬರಬೇಕು.”

ಇದನ್ನು ಅವರು ಇಷ್ಟು ನೇರವಾಗಿ ಹೇಳಿದರೇ? ಎರಡು ಮೂರು ದಿನ ಬೇರೆ ಬೇರೆ ಹೇಳಿದ್ದನ್ನು ನಾನು ಈಗ ಒಂದು ಕಡೆ ಹೊಲಿದಿರಬಹುದು. ಬಳೆ ತಿರುಗಿಸಿದ ರೀತಿ ಮಾತ್ರ ಹೊಲಿದದ್ದಲ್ಲ. ಅದನ್ನು ಕಣ್ಣಾರೆ ಕಂಡಿದ್ದೇನೆ, ಹಲವು ಸಲ.

ಆ ವರ್ಷ ದೀಪಾವಳಿ ಪಾಡ್ಯದಿಂದ ಪಾಳಿಯನ್ನು ಕಂಪ್ಯೂಟರಿಗೆ ಹಾಕಬೇಕೆಂದು ದೊಡ್ಡಪ್ಪ ತೀರ್ಮಾನಿಸಿದರು. ನಾನು ಒಂದು ಸಣ್ಣ ಪ್ರೋಗ್ರಾಮ್ ಬರೆದೆ. ಪಾಡ್ಯದ ದಿನ ಒಂದನೇ ಹೊಲದ ಪಾಳಿ. ಅಂದಿನಿಂದ ಎಷ್ಟು ದಿನ ಆಯಿತೋ ಅದನ್ನು ಒಂಬತ್ತರಿಂದ ಭಾಗಿಸು, ಉಳಿದ ಶೇಷ ಎಷ್ಟೆಂದು ನೋಡು. ಶೇಷ ಸೊನ್ನೆ ಬಂದರೆ ಒಂದನೇ ಹೊಲ, ಒಂದು ಬಂದರೆ ಎರಡನೇ ಹೊಲ, ಹೀಗೆ ಎಂಟು ಬಂದರೆ ಒಂಬತ್ತನೇ ಹೊಲ. ದಿನಾಂಕ ಹಾಕಿದರೆ ಹೊಲದವರ ಹೆಸರು ಬರುತ್ತಿತ್ತು.

ಕಾಕಾ ಅದನ್ನು ಬಾಗಿಲಲ್ಲಿ ನಿಂತೇ ಪರೀಕ್ಷೆ ಮಾಡಿದರು. ಸಂಕ್ರಾಂತಿಗೆ ಯಾರು, ಶಿವರಾತ್ರಿಗೆ ಯಾರು ಎಂದು ಕೇಳುವುದು, ತಾವು ಬಳೆ ತಿರುಗಿಸುವುದು. ಎಲ್ಲ ಸರಿಹೋಯಿತು. ಭೇಷ್, ನಿನ್ನ ಪೆಟಗಿ ಪಾಸಾತು ಎಂದರು. ಹೋಗುವಾಗ ತಿರುಗಿ, ಪಾಡ್ಯದ ಹಿಂದಿನ ದಿನ ಯಾರದು ಕೇಳು ಎಂದರು.

ಕೇಳಿದೆ. ಹೆಸರಿನ ಜಾಗ ಖಾಲಿ. ಪಕ್ಕದಲ್ಲಿ ಒಂದು ಅಂಕಿ, ಅದರ ಮುಂದೆ ಒಂದು ಅಡ್ಡ ಗೀಟು. ಋಣ ಒಂದು. ಒಂಬತ್ತರ ಕೀಲಿ ಹಾಕಿದ ಮೇಲೆ ಒಂದರದು ತೆಗೆಯುವುದು, ಹಾಗಾಗಿ ಒಂದರ ಹಿಂದಿನ ದಿನ ಒಂಬತ್ತರದು ಎಂದು ಹೊಲದ ಕೋಳಿಗೂ ಗೊತ್ತಿದ್ದ ಸಂಗತಿ. ನನ್ನ ಯಂತ್ರಕ್ಕೆ ಗೊತ್ತಿರಲಿಲ್ಲ.

ಕಾಕಾ ಬಹಳ ನಕ್ಕರು. “ತಾ ಹುಟ್ಟೂಕಿಂತ ಮದಲಿಂದು ಇದಕ್ಕೇನೂ ತಿಳೀವಲ್ದು ನೋಡು. ನಮ್ಮ ಮೊಮ್ಮಗನ ಗತೆ.”

ಕೆಟ್ಟ ನಗೆಯಲ್ಲ ಅದು. ಆದರೆ ಅಲ್ಲಿ ಹೊಲದವರು ಇಬ್ಬರು ಕೂತಿದ್ದರು, ಅವರೂ ನಕ್ಕರು. ನನಗೆ ಮುಖ ಬಿಸಿಯಾಯಿತು. ಅವರೆಲ್ಲ ಹೋದ ಮೇಲೆ ಶೇಷದ ಮುಂದಿನ ಋಣ ಚಿಹ್ನೆಯನ್ನು ತೆಗೆದುಹಾಕುವ ಹಾಗೆ ಪ್ರೋಗ್ರಾಮನ್ನು ತಿದ್ದಿದೆ. ಋಣ ಒಂದು ಬಂದರೆ ಒಂದು, ಋಣ ನಾಲ್ಕು ಬಂದರೆ ನಾಲ್ಕು. ಖಾಲಿ ಜಾಗ ಹೋಯಿತು. ಹಿಂದಿನ ಯಾವ ದಿನ ಕೇಳಿದರೂ ಒಂದು ಹೆಸರು ಬರತೊಡಗಿತು. ಆ ಹೆಸರು ಸರಿಯೇ ಎಂದು ನಾನು ನೋಡಲಿಲ್ಲ. ಹೆಸರು ಬಂತಲ್ಲ, ಅಷ್ಟೇ ಬೇಕಾಗಿತ್ತು. ಹಳೆಯ ದಿನಗಳನ್ನು ಯಾರು ಕೇಳುತ್ತಾರೆ ಎಂದುಕೊಂಡೆ. ತಿದ್ದಿದ್ದನ್ನು ಕಾಕಾನಿಗೆ ಹೇಳಲೂ ಇಲ್ಲ.

ಕೇಳಿದರು. ಎರಡು ತಿಂಗಳು ಕೂಡ ಆಗಿರಲಿಲ್ಲ, ಹಳೆಯ ದಿನವೇ ಬೇಕಾಯಿತು.

ಐದನೇ ಪಾಳಿಯವರದು ದ್ರಾಕ್ಷಿ ತೋಟ. ದೀಪಾವಳಿಗೆ ಮುಂಚೆ ಛಾಟಣಿ ಮಾಡಿ ಬಳ್ಳಿ ಸವರಿ, ಅದು ಚಿಗುರುವ ಹೊತ್ತಿಗೆ ಅವರ ಹೊಂಡ ಖಾಲಿಯಾಗಿತ್ತು. ಅವರ ಪಾಳಿಯ ದಿನ ಇಡೀ ದಿನ ಕರೆಂಟ್ ಇರಲಿಲ್ಲ. ಮರುದಿನ ಬೆಳಿಗ್ಗೆ ಕರೆಂಟ್ ಬಂತು, ನೀರು ಬಂತು, ಕಾಕಾ ನಿಯಮದ ಪ್ರಕಾರ ಆರನೇ ಹೊಲದ ಕೀಲಿ ತೆಗೆದರು. ನೀರು ಬಂದ ಆ ದಿನ ಪಾಡ್ಯಕ್ಕಿಂತ ಹದಿಮೂರು ದಿನ ಹಿಂದಿನದು. ಆಮೇಲೆ ಆ ತೋಟದಲ್ಲಿ ಗೊನೆ ಸರಿಯಾಗಿ ಹಿಡಿಯಲಿಲ್ಲ. ತೋಟದ ಯಜಮಾನರು ದಿನದಿನಕ್ಕೆ ಅದನ್ನೇ ನೆನೆದು ನೆನೆದು, ಕಡೆಗೆ ನೀರು ಬಂದ ದಿನವೇ ತಮ್ಮ ಪಾಳಿ ಇತ್ತು, ಕರೆಂಟ್ ಹೋದದ್ದು ಆರನೆಯವರ ಪಾಳಿಯಲ್ಲಿ ಎಂದು ನಂಬಿಬಿಟ್ಟರು. ಅವರು ಸುಳ್ಳು ಹೇಳಿದರೆಂದು ನನಗೆ ಅನಿಸುವುದಿಲ್ಲ. ಕಳೆದುಕೊಂಡವರ ನೆನಪು ಹಾಗೆ ತಾನೇ ಜಾಗ ಬದಲಿಸುತ್ತದೆ.

ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಸೇರಿತು. ಒಂಬತ್ತೂ ಹೊಲದವರು ಬಂದಿದ್ದರು. ದ್ರಾಕ್ಷಿ ತೋಟದವರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿದ್ದೇನೆಂದರೆ: ಪಾಳಿಯವನ ತಮ್ಮ ದುಡಿಯುವುದು ಆರನೇ ಹೊಲದಲ್ಲಿ, ತಮ್ಮನ ಧಣಿಗೆ ನನ್ನ ನೀರು ಹೋಯಿತು, ಇನ್ನೇನು ಬಿಡಿಸಿ ಹೇಳಬೇಕು.

ಆರನೇ ಹೊಲದವರು ಇಲ್ಲ ಎಂದರು; ಅವರು ಬೇರೆ ಏನು ತಾನೇ ಹೇಳಿಯಾರು ಎಂದು ಉಳಿದವರು ಸುಮ್ಮನಿದ್ದರು. ಕಾಕಾ ಬಳೆ ಕಳಚಿ, ಪಾಡ್ಯದ ದಿನದ ಒಂದನೇ ಚಾವಿ ಹಿಡಿದು ಎರಡು ಸುತ್ತು ಹಿಂದೆ ಹೋಗಿ, ಅಲ್ಲಿಂದ ಐದು ಚಾವಿ ಮುಂದೆ ಬಂದು ತೋರಿಸಿದರು. ಒಂದರಿಂದ ಐದು ಮುಂದೆ ಬಂದರೆ ಆರು. ಯಾರೂ ಅದನ್ನು ಗಮನವಿಟ್ಟು ನೋಡಲಿಲ್ಲ. ಚಾವಿ ಅವರ ಕೈಯಲ್ಲೇ ಇದೆಯಲ್ಲ, ಹೇಗೆ ಬೇಕಾದರೂ ತಿರುಗಿಸಬಹುದು ಎಂದು ಯಾರೋ ಅಂದರು. ದೊಡ್ಡಪ್ಪ ನನ್ನ ಕಡೆ ನೋಡಿ, ಕಂಪ್ಯೂಟರಿಗೆ ತಮ್ಮ ಇಲ್ಲ, ಅದನ್ನು ಕೇಳೋಣ ಎಂದರು. ಎಲ್ಲರೂ ನಕ್ಕರು.

ದಿನಾಂಕ ಹಾಕಿದೆ. ಒಂದು ಸಾಲು ಪ್ರಿಂಟ್ ಬಂತು. ಐದನೇ ಹೊಲ.

“ಝಾಲಂ,” ಅಂದರು ದ್ರಾಕ್ಷಿ ತೋಟದವರು. “ಮುಗೀತ್ರಿ.”

ಕಾಕಾ ಆ ಕಾಗದವನ್ನು ಕೈಗೆ ತೆಗೆದುಕೊಂಡರು. ಅಂಕಿ ಓದಲು ಅವರಿಗೆ ಬರುತ್ತಿತ್ತು. ಸ್ವಲ್ಪ ಹೊತ್ತು ನೋಡಿ ನನ್ನ ಮೇಜಿನ ಹತ್ತಿರ ಬಂದರು. ಅಷ್ಟು ಒಳಗೆ ಅವರು ಬಂದದ್ದು ಅದೇ ಮೊದಲು.

“ಒಂದ ದಿನದ್ದು ಬ್ಯಾಡ ತಂಗಿ. ಅದರ ಹಿಂದಿಂದೂ, ಮುಂದಿಂದೂ ತಗಿ. ಮೂರ ಸಾಲ ತಗಿ ಸಾಕು. ಹಿಂದಿನ ದಿನಾ ಯಾರ ಹೆಸರ ಬರತೈತಿ ನೋಡೂಣು.”

ಈಗ ಮುಂದಿನದು. ಇದನ್ನು ನಾನು ಬಹಳ ವರ್ಷ ಒಂದು ರೀತಿ ಹೇಳಿಕೊಂಡು ಬಂದಿದ್ದೇನೆ: ದೊಡ್ಡಪ್ಪ ಕೈ ಅಡ್ಡ ಮಾಡಿದರು, ಕೇಳಿದ ದಿನದ್ದು ಬಂತಲ್ಲ ಎಂದರು, ನಾನು ಚಿಕ್ಕವಳು, ಏನು ಮಾಡಲಿ. ಮನೆಯಲ್ಲಿ ಹೀಗೇ ಹೇಳಿದ್ದೇನೆ. ಗಂಡನಿಗೂ ಹೀಗೇ ಹೇಳಿದ್ದೇನೆ. ಆದರೆ ಬರೆಯಲು ಕೂತಾಗ ದೊಡ್ಡಪ್ಪನ ಕೈ ಕಾಣುವುದಿಲ್ಲ. ಕಾಣುವುದು ನನ್ನ ಕೈ, ಪ್ರಿಂಟರಿನ ಗುಂಡಿ ಒತ್ತಿ ಆರಿಸಿದ್ದು. ಕೇಳುವುದು ನನ್ನದೇ ದನಿ, ಸಾಕು ಕಾಕಾ, ಮಶೀನ್ ತಪ್ಪು ಹೇಳುವುದಿಲ್ಲ ಎಂದದ್ದು. ಆ ದಿನದ ನಗೆಯೂ ನೆನಪಿತ್ತು ನನಗೆ, ಮೊಮ್ಮಗನ ಗತೆ ಎಂದದ್ದು. ದೊಡ್ಡಪ್ಪ ಏನೂ ಅನ್ನಬೇಕಾಗಿ ಬರಲಿಲ್ಲ.

ಕಾಕಾ ವಾದಿಸಲಿಲ್ಲ. ಬಳೆಯನ್ನು ಮೇಜಿನ ಮೇಲೆ ಇಡುವ ಮುಂಚೆ ಒಂದು ಚಾವಿ ಎತ್ತಿ ಎಲ್ಲರಿಗೂ ತೋರಿಸಿದರು. “ಇವತ್ತ ಮೂರನೇದು ನಡದೈತಿ. ನಾಳೆ ಮುಂಜಾನೆ ನಾಕು. ತಪ್ಪಬ್ಯಾಡ್ರಿ,” ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ತಿಂಗಳೊಳಗೆ ಮಗಳ ಊರಿಗೆ ಹೋಗಿಬಿಟ್ಟರು. ನೀರು ಕದ್ದವನು ಎಂದು ಎದುರಿಗೆ ಯಾರೂ ಅನ್ನಲಿಲ್ಲವಂತೆ. ಚಹಾ ಕುಡಿಯಿರಿ ಎಂದು ಕರೆಯುವುದನ್ನು ಬಿಟ್ಟರಂತೆ, ಅಷ್ಟೇ.

ಸಭೆಯಾದ ಎಂಟು ಹತ್ತು ದಿನಕ್ಕೆ, ಕಾಕಾ ಇನ್ನೂ ಊರಲ್ಲೇ ಇದ್ದಾಗ, ಮತ್ತೊಬ್ಬ ಹೊಲದವರು ಪಾಡ್ಯಕ್ಕಿಂತ ಹಿಂದಿನ ಇಡೀ ತಿಂಗಳ ಪಾಳಿ ಬೇಕೆಂದು ಕೇಳಿದರು. ತೆಗೆದೆ. ಕಾಗದ ಹೊರಗೆ ಬರುವಾಗ ಮೇಲಿನಿಂದ ಕೆಳಗೆ ಓದಿದೆ. ಆರು, ಐದು, ನಾಲ್ಕು, ಮೂರು, ಎರಡು, ಒಂದು, ಒಂಬತ್ತು, ಎಂಟು. ಪಾಡ್ಯದವರೆಗೆ ಹೀಗೆ ಇಳಿದು, ಪಾಡ್ಯದಿಂದ ಒಂದು, ಎರಡು, ಮೂರು ಎಂದು ಏರತೊಡಗಿತ್ತು. ನನ್ನ ಯಂತ್ರದ ಪ್ರಕಾರ ದೀಪಾವಳಿಗೆ ಮುಂಚೆ ಪಾಳಿ ಹಿಮ್ಮುಖವಾಗಿ ನಡೆದಿತ್ತು. ಆರನೇ ಹೊಲದ ಮರುದಿನ ಐದನೇ ಹೊಲ. ಮೂರು ಸಾಲು ತೆಗೆದಿದ್ದರೆ ಸಭೆಯಲ್ಲಿ ಕೂತ ಯಾರಿಗಾದರೂ ಒಂದೇ ನೋಟಕ್ಕೆ ತಿಳಿಯುತ್ತಿತ್ತು.

ತಪ್ಪು ಯಂತ್ರದ್ದಲ್ಲ. ಅದರ ಲೆಕ್ಕವೇ ಬೇರೆ. ಹದಿಮೂರು ದಿನ ಹಿಂದೆ ಎಂದರೆ ಅದು ಒಂದು ಸುತ್ತು ಹಿಂದೆ ಹೋಗಿ ನಿಂತು, ಇನ್ನೂ ನಾಲ್ಕು ದಿನ ಹಿಂದೆ ಇದೆ ಎಂದು ಹೇಳುತ್ತದೆ: ಋಣ ನಾಲ್ಕು. ಕಾಕಾ ಎರಡು ಸುತ್ತು ಹಿಂದೆ ಹೋಗಿ ಐದು ಮುಂದೆ ಬರುತ್ತಾರೆ: ಐದು. ಎರಡೂ ಒಂದೇ ದಿನವನ್ನು ತೋರಿಸುತ್ತವೆ. ಕೆಲವು ಕಂಪ್ಯೂಟರ್ ಭಾಷೆಗಳು ಕಾಕಾನ ಹಾಗೆ ಎಣಿಸುತ್ತವೆ, ನಾನು ಕಲಿತದ್ದು ಎಣಿಸುವುದಿಲ್ಲ. ಋಣ ನಾಲ್ಕಕ್ಕೆ ಒಂಬತ್ತು ಕೂಡಿಸಿದ್ದರೆ ಐದು ಬರುತ್ತಿತ್ತು, ಆರನೇ ಹೊಲದ ಹೆಸರು ಬರುತ್ತಿತ್ತು. ನಾನು ಕೂಡಿಸಲಿಲ್ಲ, ಗೀಟು ಅಳಿಸಿದೆ. ಹಿಂದೆ ಎಂದು ಹೇಳುತ್ತಿದ್ದ ಒಂದೇ ಗುರುತನ್ನು ಅಳಿಸಿ, ನಾಲ್ಕನ್ನು ಮುಂದಿನ ನಾಲ್ಕು ಮಾಡಿದೆ.

ಸರಿಪಡಿಸಲು ಒಂದೇ ಸಾಲು ಸಾಕಾಯಿತು. ಸರಿಯಾದ ಪಟ್ಟಿ ತೆಗೆದು ಕೇಳಿದವರಿಗೆ ಕೊಟ್ಟೆ; ಅವರು ತಮ್ಮ ಹೊಲದ ಸಾಲುಗಳನ್ನಷ್ಟೇ ನೋಡಿ ಮಡಚಿಕೊಂಡು ಹೋದರು. ಹಳೆಯದನ್ನು ಹರಿದೆ. ದೊಡ್ಡಪ್ಪನಿಗೆ ಹೇಳಿದೆ. ಅವರು, ಆಗಿದ್ದು ಆಯಿತು, ಈಗ ಹೇಳಿದರೆ ನಾಳೆಯ ಪಾಳಿಯನ್ನು ಯಾರು ನಂಬುತ್ತಾರೆ ಎಂದರು. ಅವರು ಹಾಗೆ ಅನ್ನಲಿ ಎಂದೇ ನಾನು ಹೇಳಿದ್ದೆನೋ ಏನೋ. ಎರಡನೆಯ ಸಲ ಕೇಳಲಿಲ್ಲ.

ಒಂದೂವರೆ ವರ್ಷದ ಮೇಲೆ ಏಕಸಂಬಿಗೆ ಹೋದೆ. ಕಾಕಾ ಮಗಳ ಮನೆಯ ಮುಂದೆ ಮೇಕೆಗೆ ಸೊಪ್ಪು ಕಟ್ಟುತ್ತಿದ್ದರು. ಸೊರಗಿದ್ದರು. ಎಲ್ಲ ಹೇಳಿದೆ, ಬಿಡಿಸಿ, ಅಂಕಿ ಸಹಿತ. ಸಿಟ್ಟಾಗುತ್ತಾರೆ, ಅಥವಾ ಹೋಗಲಿ ಬಿಡು ಎನ್ನುತ್ತಾರೆ ಎಂದುಕೊಂಡಿದ್ದೆ. ಎರಡರಲ್ಲಿ ಯಾವುದಾದರೂ ನನಗೆ ಸಾಕಿತ್ತು. ಅವರಿಗೆ ಮೊದಲು ಕುತೂಹಲವಾಯಿತು. ಪೆಟಗಿ ಎಲ್ಲಿ ಎಡವಿತು ಎಂಬುದನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಕೇಳಿದರು:

“ಇದನ್ನ ನನಗ್ಯಾಕ ಹೇಳಾಕ ಬಂದಿ ತಂಗಿ? ನನಗ ಆವತ್ತ ಗೊತ್ತಿತ್ತಲ್ಲ.”

ಸೊಪ್ಪಿನ ಕಟ್ಟನ್ನು ಬಿಗಿ ಮಾಡಿ ಅವರೇ ಮುಂದುವರಿಸಿದರು.

“ಗೊತ್ತಿಲ್ದವರು ಅಲ್ಲಿ ಅದಾರ. ಒಂಬತ್ತು ಮಂದಿ. ಅವರಿಗೆ ಹೇಳು. ಕೀಲಿ ತಗ್ಯಾಕ ನಾ ಇನ್ನ ಬರೂದಿಲ್ಲ, ಮೊಣಕಾಲ ಹೋಗ್ಯಾವು. ಹೆಸರೊಂದ ಅಲ್ಲೇ ಬಿದ್ದೈತಿ, ಅದನ್ನ ಎತ್ತಿ ಕೊಡು.”

ವರ್ಷದ ಸಭೆ ಬರುತ್ತದೆ, ಒಂಬತ್ತೂ ಜನ ಕೂಡುತ್ತಾರೆ, ಅಲ್ಲಿ ನಿಂತು ಹೇಳುತ್ತೇನೆ ಎಂದೆ. ಮಾತು ಕೊಟ್ಟೆ. ಅವರ ಮಗಳು ಚಹಾ ತಂದಳು, ಅವಳ ಎದುರಿಗೇ ಇನ್ನೊಮ್ಮೆ ಹೇಳಿದೆ. ಊಟ ಮಾಡಿಕೊಂಡು ಹೋಗಲು ಇಬ್ಬರೂ ಹಟ ಮಾಡಿದರು. ಜುಣಕ, ಬಿಸಿ ರೊಟ್ಟಿ. ಹಗುರಾಗಿ ಮರಳಿ ಬಂದೆ. ಅಷ್ಟು ಹಗುರಾಗಬಾರದಿತ್ತು.

ಆ ವರ್ಷದ ಸಭೆಯಲ್ಲಿ ದೊಡ್ಡಪ್ಪನನ್ನು ಮತ್ತೆ ಅಧ್ಯಕ್ಷರನ್ನಾಗಿ ಆರಿಸುವುದಿತ್ತು. ಅಂಥ ದಿನ ಬೇಡ ಎನಿಸಿತು. ಮರುವರ್ಷ ನನ್ನ ಮದುವೆ ಗೊತ್ತಾಗಿತ್ತು, ದ್ರಾಕ್ಷಿ ತೋಟದವರು ಹುಡುಗನ ಕಡೆಗೆ ದೂರದ ಸಂಬಂಧ. ಸಭೆ ಮುಗಿದು ಎಲ್ಲರೂ ಚಹಾಕ್ಕೆ ಎದ್ದಾಗ ನಾನೂ ಎದ್ದು ಬಸಿಗಳನ್ನು ಹಂಚಿದೆ. ಎರಡು ಸಲವೂ ಹೇಳಬೇಕೆಂದೇ ಮನೆಯಿಂದ ಹೊರಟಿದ್ದೆ. ಇದೊಂದನ್ನು ನಂಬಬಹುದು.

ಕಾಕಾ ತೀರಿಕೊಂಡ ಸುದ್ದಿ ಅವರ ತಮ್ಮನಿಂದ ತಿಳಿಯಿತು. ಮೂರನೇ ದಿನ ಏಕಸಂಬಿಗೆ ಹೋದೆ. ಅಂಗಳದಲ್ಲಿ ಶಾಮಿಯಾನ ಹಾಕಿದ್ದರು, ಅರಿಯದ ಮುಖಗಳು. ಮಗಳು ನನ್ನನ್ನು ಗುರುತು ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಅಪ್ಪ ಕಡೆಯ ಎರಡು ವರ್ಷ ಐನಾಪುರದ ಕಡೆಯಿಂದ ಯಾರೇ ಬರಲಿ, ಹಾಲಿನವರಿರಲಿ, ಕಬ್ಬಿನ ಲಾರಿಯವರಿರಲಿ, ಒಂದೇ ಮಾತು ಕೇಳುತ್ತಿದ್ದ ಎಂದಳು. ಸಂಘದ್ದು ಮೀಟಿಂಗ್ ಆತೇನು? ಆಗಿದ್ರ, ಆ ಹುಡಗಿ ಏನರ ಅಂದಳೇನು? ಯಾರಿಗೂ ಗೊತ್ತಿರುತ್ತಿರಲಿಲ್ಲ. ಆಗಿರಾಕಿಲ್ಲ ಬಿಡು, ಆಗಿದ್ರ ಅಕಿ ಹೇಳತಿದ್ಲು ಎಂದು ಅಪ್ಪ ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದನಂತೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದಳು. ಬಯ್ಯಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು.

“ಮೀಟಿಂಗ್ ಆತೇನ್ರಿ ಅಕ್ಕಾರ?”

ಎರಡು ಸಲ ಆಗಿತ್ತು.

“ಇನ್ನೂ ಇಲ್ಲವ್ವಾ,” ಅಂದೆ.